ದೊಡ್ಡಮ್ಮನ ಪೊರೆ

"ಅಲ್ಲಾ, ಒಂದು ರಾತ್ರಿ ಕಳೆದ್ರೂ ಹಸಿವು ಅನ್ನೋದೇ ಆಗಲ್ವಾ ಯಾರಿಗಾದ್ರೂ?" ಎಂದು ಅವನು ಗಟ್ಟಿಯಾಗಿಯೇ ಕೇಳಿದ. ಕೋಣೆಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಗೋಡೆಗೆ ಬಡಿದ ಮೂರು ಹಲಗೆಗಳ ಮೇಲೆ ಒಂಬತ್ತು ಗಾಜಿನ ಪೆಟ್ಟಿಗೆಗಳು, ಪೆಟ್ಟಿಗೆಗೊಂದು ಜೇಡ. ಪೆಟ್ಟಿಗೆಗಳ ತಳಕ್ಕೆ ಹಾಸಿದ ಒದ್ದೆ ತೆಂಗಿನನಾರಿನ ಪುಡಿಯ ವಾಸನೆ. ಮೂಲೆಯ ಡಬ್ಬದಲ್ಲಿ ಜೇಡಗಳ ಊಟಕ್ಕೆಂದು ಸಾಕಿದ ಜೀರುಂಡೆಗಳು, ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳ ಸಂದಿಯಲ್ಲಿ ಕೂತು, ತಮಗೇನು ಕಾದಿದೆಯೆಂಬ ಅರಿವಿಲ್ಲದೆ ಕಿರ್ರೆನ್ನುತ್ತಿದ್ದವು. ಅವನು ನಿಂತದ್ದು ನಡುವಿನ ಹಲಗೆಯ ದೊಡ್ಡ ಪೆಟ್ಟಿಗೆಯ ಮುಂದೆ. ಅದರಲ್ಲಿ ಅಂಗೈಯಗಲದ, ಮೈತುಂಬ ಕಂದು ಕೂದಲಿನ, ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಒಡೆದ ಹೂಕುಂಡದ ಅರ್ಧ ಚಿಪ್ಪಿನ ಬಾಯಲ್ಲಿ ಅಲುಗಾಡದೆ ಕೂತಿದ್ದಳು. ನಿನ್ನೆ ಸಂಜೆ ಅವನು ಚಿಮಟದಲ್ಲಿ ಹಿಡಿದು ಬಿಟ್ಟಿದ್ದ ಮೂರು ಜೀರುಂಡೆಗಳು, ಮೂರಕ್ಕೆ ಮೂರೂ, ಅವಳ ಮುಂದೆಯೇ ಸಂಜೆಯ ಗಾಳಿ ಸೇವನೆಗೆ ಬಂದವರ ಹಾಗೆ ಅಡ್ಡಾಡುತ್ತಿದ್ದವು. ಒಂದಂತೂ ಅವಳ ಮುಂಗಾಲಿನ ಪಕ್ಕದಲ್ಲೇ ನಿಂತು ಮೀಸೆ ತಿರುವುತ್ತಿತ್ತು.

ಪೆಟ್ಟಿಗೆಗಳೆಲ್ಲ ಅವನ ಹೆಂಡತಿಯವು. ಅವಳು ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ನಿನ್ನೆ ಬೆಳಿಗ್ಗೆ ಎರಡು ದಿನದ ಶಿಬಿರಕ್ಕೆಂದು ಹೊರಟಾಗ ಪ್ರತಿ ಪೆಟ್ಟಿಗೆಗೂ ಒಂದೊಂದು ಚೀಟಿ ಅಂಟಿಸಿ ಹೋಗಿದ್ದಳು. ಇವತ್ತು ಸಂಜೆ ಬರುವವಳು. ಸಿಡುಕಿ ಎಂಬ ಜೇಡದ ಪೆಟ್ಟಿಗೆಗೆ "ನೀರು". ನಾಚಿಕೆಯವಳಿಗೆ "ಚಿಕ್ಕದು ಒಂದು". ಕಳ್ಳಿಗೆ "ಮುಚ್ಚಳ". ಅವಳ ಬರವಣಿಗೆಯೇ ಹಾಗೆ, ಆಸ್ಪತ್ರೆಯ ಮಂಚಕ್ಕೆ ತೂಗುಹಾಕುವ ಹಾಳೆಯಲ್ಲಿ ಬರೆದೂ ಬರೆದೂ ಕ್ರಿಯಾಪದಗಳನ್ನೆಲ್ಲ ಉಳಿತಾಯ ಮಾಡುವ ಚಟ. ಆದರೆ ದೊಡ್ಡಮ್ಮನ ಪೆಟ್ಟಿಗೆಯ ಚೀಟಿ ಓದಿದಾಗ ಅವನಿಗೆ ಮೈ ಜುಮ್ಮೆಂದಿತ್ತು. ಅದರಲ್ಲಿ ಒಂದೇ ಪದವಿತ್ತು: "ಪೊರೆ". ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತು ವರ್ಷ ಬೇರೆಯವರ ಪದಗಳನ್ನು ತಿದ್ದುತ್ತ ಬಂದವನಿಗೆ ಸ್ವಂತ ಹೆಂಡತಿಯಿಂದ ಇಂಥದೊಂದು ಪದ ಬಂದಿರಲಿಲ್ಲ. ಕಾಪಾಡು ಎನ್ನಬಹುದಿತ್ತು, ನೋಡಿಕೊಳ್ಳಿ ಎನ್ನಬಹುದಿತ್ತು. ಪೊರೆ! ಕೊನೆಯಲ್ಲಿ ಉದ್ಗಾರ ಚಿಹ್ನೆಯನ್ನು ಅವನೇ ಮನಸ್ಸಿನಲ್ಲಿ ಹಾಕಿಕೊಂಡ. ಬಾಲ್ಯದುದ್ದಕ್ಕೂ ಅಮ್ಮ ಬೆಳಗಿನ ಜಾವ ಗೋಡೆಯಾಚೆ ಹೇಳುತ್ತಿದ್ದ ಪದ್ಯಗಳಲ್ಲಿ ಆ ಪದ ಬಂದಾಗಲೆಲ್ಲ ಅವಳ ದನಿ ಒಂದು ಮೆಟ್ಟಿಲು ಇಳಿಯುತ್ತಿತ್ತು. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಅವನು ಅದಕ್ಕಾಗಿ ಕಾಯುತ್ತಿದ್ದ, ಅದು ಬಂದ ಮೇಲೆ ಹೊದಿಕೆ ಎಳೆದುಕೊಂಡು ಮತ್ತೆ ನಿದ್ದೆಹೋಗುತ್ತಿದ್ದ. ಹನ್ನೊಂದು ವರ್ಷ ಅತ್ತೆಯ ಪದ್ಯ ಕೇಳಿ ಕೇಳಿ ಸೊಸೆಗೂ ಅದು ಹತ್ತಿತು ನೋಡು ಎಂದು ಅವನು ನಿನ್ನೆಯೆಲ್ಲ ಒಳಗೊಳಗೇ ಹಿಗ್ಗಿದ್ದ. ಸಂಜೆ ಬಂದವನೇ ಪೊರೆಯತೊಡಗಿದ್ದ. ಈಗ ಮೂರು ಸಣ್ಣವು ಸೇರದಿದ್ದರೆ ಎರಡು ದೊಡ್ಡವಾದರೂ ಸೇರಬಹುದು ಎಂದು ಡಬ್ಬದಿಂದ ಎರಡು ದಷ್ಟಪುಷ್ಟ ಜೀರುಂಡೆಗಳನ್ನು ಆರಿಸಿ, ಉಸಿರು ಬಿಗಿಹಿಡಿದು, ಪೆಟ್ಟಿಗೆಯ ಮುಚ್ಚಳವನ್ನು ಎರಡು ಬೆರಳಷ್ಟು ಸರಿಸಿ ಒಳಗೆ ಬಿಟ್ಟು, ಕೈ ಸುಟ್ಟವರ ಹಾಗೆ ಹಿಂದೆಳೆದುಕೊಂಡ.

"ಯಾರ ಹತ್ತಿರ ಮಾತಾಡ್ತಿದ್ದೀಯೋ?" ಎಂದು ಅಮ್ಮ ಹೊಸ್ತಿಲ ಆಚೆಯಿಂದಲೇ ಕೇಳಿದಳು. ಈ ಕೋಣೆಯ ಹೊಸ್ತಿಲು ದಾಟುವುದಿಲ್ಲವೆಂದು ಅವಳದೊಂದು ಹಟ.

"ದೊಡ್ಡಮ್ಮನ ಹತ್ತಿರ."

"ಏನಂತಾಳೆ?"

"ಊಟ ಬೇಡ ಅಂತಾಳೆ."

"ಹಾಗಾದ್ರೆ ನಮ್ಮಕ್ಕನ ಗುಣ ಬಂದಿಲ್ಲ ಬಿಡು. ಅವಳು ಬೇಡ ಅಂದದ್ದು ನಾನಂತೂ ಕೇಳಿಲ್ಲಪ್ಪ. ಕರೆಯೋಕೆ ಮುಂಚೆ ತಟ್ಟೆ ಎಳ್ಕೊಂಡು ಕೂತಿರ್ತಿದ್ಲು."

ಜೇಡಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟದ್ದು ಹೆಂಡತಿಯೇ, ಮದುವೆಗೂ ಮುಂಚೆ, ಅವನಿಗೆ ನಿಜವಾದ ದೊಡ್ಡಮ್ಮನೊಬ್ಬಳು ಇದ್ದಳೆಂದು ತಿಳಿಯದೆ. ಹೆಸರು ಕೇಳಿ ಅಮ್ಮ ಸಿಟ್ಟಾಗುತ್ತಾಳೆಂದು ಅವನು ಹೆದರಿದ್ದ. ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ದಿಟ್ಟಿಸಿ, "ಕೂತ ಭಂಗಿ ಹಾಗೇ ಇದೆ" ಎಂದು ಒಪ್ಪಿಗೆ ಕೊಟ್ಟಿದ್ದಳು.

ಮದುವೆಗೆ ಮುಂಚೆ ಹೆಂಡತಿಯಿದ್ದ ಬಾಡಿಗೆ ಕೋಣೆಗೆ ಮೊದಲ ಸಲ ಹೋದಾಗ, ಬೇರೆ ಹುಡುಗಿಯರು ಆಲ್ಬಮ್ ತೋರಿಸುವ ಹೊತ್ತಿಗೆ ಅವಳು ಈ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೋರಿಸಿದ್ದಳು. ಅವನು "ಚೆನ್ನಾಗಿದೆ" ಎಂದಿದ್ದ, ಗೋಡೆಗೆ ಬೆನ್ನು ಅಂಟಿಸಿಕೊಂಡು. ಆ ಬೆನ್ನು ಇವತ್ತಿಗೂ ಗೋಡೆಯಿಂದ ಪೂರ್ತಿ ಬಿಟ್ಟುಕೊಂಡಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಜೇಡವನ್ನೂ ಅವನು ಮುಟ್ಟಿರಲಿಲ್ಲ. ಒಮ್ಮೆ ಹೆಂಡತಿಯ ಆಸ್ಪತ್ರೆಯ ಗೆಳತಿಯರು ಚಹಾಕ್ಕೆ ಬಂದಿದ್ದಾಗ ಕಳ್ಳಿ ಮುಚ್ಚಳ ಎತ್ತಿಕೊಂಡು ಹೊರಗೆ ಬಂದಿದ್ದಳು. ಎಲ್ಲರೂ ಬಗ್ಗಿ ಹುಡುಕುತ್ತಿದ್ದಾಗ ಅವನು ಮಾತ್ರ ಅಡುಗೆಮನೆಯ ಸ್ಟೂಲಿನ ಮೇಲೆ, ಕೈಯಲ್ಲಿ ಚಹಾದ ಲೋಟ ಸಮೇತ, ಪ್ರತಿಮೆಯಂತೆ ನಿಂತಿದ್ದ. ಅಂದಿನಿಂದ ಆ ಆಸ್ಪತ್ರೆಯಲ್ಲಿ ಅವನು ಸ್ಟೂಲ್ ಸಾರ್. ಆಸ್ಪತ್ರೆಗಳಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು ಗೊತ್ತಿದ್ದೂ, ಅಥವಾ ಗೊತ್ತಿದ್ದೇ, ಅವರು ಹಾಗೆ ಕರೆಯುತ್ತಿದ್ದರು. ಅಂಥವನ ಕೈಗೆ ಹೆಂಡತಿ ಈ ಸಲ, ಇದೇ ಮೊದಲ ಸಲ, ಕೋಣೆಯನ್ನು ಬಿಟ್ಟು ಹೋಗಿದ್ದಳು. ಹಿಂದೆಲ್ಲ ಗೆಳತಿಯೊಬ್ಬಳು ಬಂದು ನೋಡಿಕೊಳ್ಳುತ್ತಿದ್ದಳು. ಈ ಸಲ ಹೆಂಡತಿ ಚೀಲದ ಜಿಪ್ಪು ಎಳೆಯುತ್ತ, ಅವನ ಮುಖ ನೋಡದೆ, "ನೀವೇ ನೋಡ್ಕೊಳ್ತೀರಲ್ಲ" ಎಂದಿದ್ದಳು. ಪ್ರಶ್ನೆಯೋ ಹೇಳಿಕೆಯೋ ತಿಳಿಯದ ಹಾಗೆ. ಅವನು ಅದರ ಮುಂದೆ ಪೂರ್ಣವಿರಾಮ ಇಟ್ಟುಕೊಂಡು ಖುಷಿಪಟ್ಟಿದ್ದ.

ಎರಡು ಬೀದಿ ದಾಟಿದರೆ ಮುದ್ರಣಾಲಯ. ಅಲ್ಲಿ ಅವನ ಮೇಜಿಗೆ ಎದುರಾಗಿ ಅಕ್ಷರ ಜೋಡಿಸುವ ಮೊಳೆಯಕ್ಕ ಕೂರುತ್ತಾಳೆ. ಸೀಸದ ಅಚ್ಚುಮೊಳೆಗಳು ಹೋಗಿ ಕಂಪ್ಯೂಟರ್ ಬಂದು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಹೋಗಲಿಲ್ಲ. ಕೀಲಿಮಣೆಯನ್ನೂ ಅವಳು ಮೊಳೆ ಹೆಕ್ಕಿದ ಹಾಗೆಯೇ ಹೆಕ್ಕುತ್ತಾಳೆ. ಇವತ್ತು ಹೊಲಿಗೆ ಯಂತ್ರದ ಕೈಪಿಡಿಯ ಕರಡು. ಸಾಲುಗಳ ಮೇಲೆ ಹಸಿರು ಪೆನ್ನು ಹರಿಸುತ್ತಿದ್ದರೂ ಅವನ ಕಣ್ಣ ಮುಂದೆ ಇದ್ದದ್ದು ಮೀಸೆ ತಿರುವುವ ಜೀರುಂಡೆ. ತಿನ್ನದೇ ಇರುವುದಕ್ಕೆ ಏನು ಕಾರಣ? ಕೋಪವೇ? ಅವಳನ್ನು ಹೆಂಡತಿ ಮಾತಾಡಿಸುವ ರೀತಿ ಬೇರೆ, ತಾನು ಚಿಮಟ ತೂರಿಸಿ ಓಡುವ ರೀತಿ ಬೇರೆ. ಮನೆಗೆ ಬಂದ ನೆಂಟರಿಗೂ ಹೀಗೆ ಬಡಿಸಿದರೆ ಎದ್ದು ಹೋಗುತ್ತಾರೆ. ಒಂದೆರಡು ಮಾತಾದರೂ ಆಡಬೇಕಿತ್ತು. ಜೇಡಕ್ಕೆ ಕಿವಿಯಿಲ್ಲ, ಕಾಲಿನ ಕೂದಲಲ್ಲೇ ಅವು ಕೇಳುತ್ತವೆ ಎಂದು ಹೆಂಡತಿ ಹೇಳಿದ್ದುಂಟು. ಹಾಗಾದರೆ ಮಾತು ಎಷ್ಟು ಮೆಲ್ಲಗಿರಬೇಕು! ಕರಡಿನ ಹಾಳೆಗಳು ಒಂದೊಂದಾಗಿ ಎದುರಿನ ಮೇಜಿಗೆ ಹೋದವು. ಹನ್ನೊಂದರ ಹೊತ್ತಿಗೆ ಮೊಳೆಯಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದು ಹಾಳೆ ಎತ್ತಿ ಹಿಡಿದಳು.

"ಎಲ್ಲಿದ್ದೀಯಪ್ಪಾ ಇವತ್ತು? 'ಸೋಜಿಗೆ ದಾರ ಪೋಣಿಸಿ' ಅಂತ ಇದೆ. ನೀನು ಟಿಕ್ಕು ಹಾಕಿ ಕಳಿಸಿದ್ದೀಯ. ಸೋಜಿಗಕ್ಕೆ ದಾರ ಪೋಣಿಸ್ತಾ ಕೂತ್ರೆ ಇವರ ಅಂಗಿ ಯಾವಾಗ ಹೊಲಿಯೋದು?"

"ಅಯ್ಯೋ, ಕೊಡಿ ಅಕ್ಕಾ."

"ಇರ್ಲಿ, ನಾನೇ ಸೂಜಿ ಮಾಡ್ತೀನಿ. ಯಜಮಾನ್ರ ಕಣ್ಣಿಗೆ ಬೀಳೋದು ಬೇಡ."

ಇದನ್ನು ಅವಳು ಎಷ್ಟು ಹಗುರಾಗಿ ಹೇಳಿದಳೆಂದರೆ ಅವನ ಕಿವಿ ಬಿಸಿಯಾಯಿತು. ಮೂರು ವರ್ಷದ ಹಿಂದೆ ಪತ್ರಿಕೆಗೆಂದು ಬಂದ ಒಂದು ಶ್ರದ್ಧಾಂಜಲಿಯಲ್ಲಿ, ನಿಧನರಾದರು ಎಂಬಲ್ಲಿ ಒಂದು ದೀರ್ಘ ಹೆಚ್ಚಾಗಿ, ಗಣ್ಯರೊಬ್ಬರು ಬೆಳಿಗ್ಗೆ ಆರು ಗಂಟೆಗೆ ನಿಧಾನರಾದರು ಎಂದು ಅಚ್ಚಾಗಿತ್ತು. ಸತ್ತವರ ತಮ್ಮ ಬಂದು, "ಅಣ್ಣ ಬದುಕಿದ್ದಾಗಲೂ ನಿಧಾನವೇ, ಅದನ್ನ ಪೇಪರಲ್ಲಿ ಹಾಕಿಸಬೇಕಿತ್ತಾ?" ಎಂದು ಅಳುನಗುವಿನಲ್ಲಿ ಕೇಳಿದ್ದ. ಯಜಮಾನರು ಎಲ್ಲರೆದುರಿಗೆ ಮೊಳೆಯಕ್ಕನನ್ನು ಬೈದರು. ಹಸಿರು ಟಿಕ್ಕು ಬಿದ್ದ ಕರಡು ಆಗ ಅವನ ಮೇಜಿನ ಖಾನೆಯಲ್ಲೇ ಇತ್ತು. ಅವನು ಖಾನೆ ಮುಚ್ಚಿ, ಏನೋ ಮಹತ್ವದ್ದನ್ನು ಹುಡುಕುವವನಂತೆ ನಿಘಂಟಿನೊಳಗೆ ತಲೆ ಹಾಕಿದ್ದ.

"ಅಕ್ಕಾ," ಎಂದ, ತನ್ನ ದನಿ ತನಗೇ ಅಪರಿಚಿತವಾಗಿ, "ಆ ನಿಧಾನದ ತಪ್ಪು... ಅದು ನನ್ನದು."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಅವತ್ತಿಂದಾನೇ. ನಾನು ತಪ್ಪು ಜೋಡಿಸಿದ್ದು ನನಗೆ ಗೊತ್ತು, ನೀನು ನೋಡದೆ ಬಿಟ್ಟಿದ್ದು ನನಗೆ ಗೊತ್ತಾಗಲ್ವಾ? ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ನೋಡ್ದೆ. ಮೂರು ವರ್ಷ ಹಿಡೀತು." ಅವಳು ಕನ್ನಡಕ ಮೇಲೇರಿಸಿದಳು. "ನೀನೂ ನಿಧಾನವೇ ಬಿಡು."

ಊಟದ ಬಿಡುವಿನಲ್ಲಿ ಅವನು ಮನೆಗೆ ನಡೆದದ್ದು ಚಪ್ಪಲಿಯ ಕೆಳಗೆ ಹತ್ತಿ ಕಟ್ಟಿದವನ ಹಾಗೆ. ಇಷ್ಟು ಸುಲಭವಿತ್ತೇ ಎಂದು ದಾರಿಯುದ್ದಕ್ಕೂ ಆಶ್ಚರ್ಯ. ಎದುರಾದ ಅಪರಿಚಿತರೊಬ್ಬರಿಗೆ ನಮಸ್ಕಾರ ಮಾಡಿ, ಅವರು ಯಾರೆಂದು ನೆನಪು ಮಾಡಿಕೊಳ್ಳಲು ಕಷ್ಟಪಡುತ್ತಿರುವುದನ್ನು ಕಂಡು ಬೇಗಬೇಗ ಮುಂದೆ ಹೋದ. ಈಗ ದೊಡ್ಡಮ್ಮನ ಜೊತೆ ಎರಡು ಒಳ್ಳೆಯ ಮಾತಾಡಬೇಕು, ಅವಳು ತಿನ್ನುತ್ತಾಳೆ ಎಂದು ಖಚಿತವಾಗಿತ್ತು. ಕೈಕಾಲು ತೊಳೆಯದೆ ನೇರ ಕೋಣೆಗೆ ಹೋದ. ದೊಡ್ಡಮ್ಮ ಅಂಗಾತ ಬಿದ್ದಿದ್ದಳು. ಎಂಟೂ ಕಾಲು ಮೇಲಕ್ಕೆ, ಅಗಲಕ್ಕೆ, ಬಿರುಗಾಳಿಗೆ ಮಗುಚಿದ ಕೊಡೆಯ ಕಡ್ಡಿಗಳ ಹಾಗೆ. ಅವಳ ಕೆಳಗೆ ನೂಲಿನ ತೆಳ್ಳನೆಯ ಬಿಳಿ ಹಾಸು. ತಾನೇ ತನಗೆ ಹಾಸಿಗೆ ಹಾಸಿಕೊಂಡು ಮಲಗಿದ್ದಾಳೆಂದು ಹೊಳೆದು ಅವನಿಗೆ ದುಃಖ ಒತ್ತರಿಸಿ ಬಂತು. ಐದು ಜೀರುಂಡೆಗಳೂ ಇದ್ದವು, ಸಾವಿನ ಮನೆಯಲ್ಲಿ ಕಾಫಿ ಕೊಡುತ್ತಾರೆಂದು ಕಾಯುವವರ ಹಾಗೆ ಅಲ್ಲಲ್ಲಿ.

ಅವನು ಹೊಸ್ತಿಲ ಮೇಲೆ ಕೂತ. ಹದಿನೆಂಟು ವರ್ಷ ಬಾಳಿದ ಜೀವ, ತನ್ನ ಕೈಯಲ್ಲಿ ಎರಡು ದಿನ ಬಾಳಲಿಲ್ಲ. ಹೆಂಡತಿ ಬರಲು ಇನ್ನೂ ಐದು ಗಂಟೆಯಿದೆ. ಐದು ಗಂಟೆಯಲ್ಲಿ ಇಂಥದೇ ಇನ್ನೊಂದನ್ನು ತರಬಹುದೇ, ಕೂದಲಿನ ಬಣ್ಣ ಹೊಂದಿದರೆ ಗೊತ್ತಾಗುತ್ತದೆಯೇ, ನಾನು ನೋಡುವ ಮುಂಚೆಯೇ ಹೀಗಿತ್ತು ಎಂದರೆ? ನಿನ್ನೆಯೇ ಮಂಕಾಗಿದ್ದಳು, ಅದಂತೂ ನಿಜ. ನಿಜದ ಒಂದು ತುಂಡು ಸಿಕ್ಕಿದರೆ ಉಳಿದದ್ದನ್ನು ಅದರ ಪಕ್ಕದಲ್ಲಿ ಜೋಡಿಸಬಹುದು. ಜೋಡಿಸತೊಡಗಿದವನಿಗೆ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡುವ ಎರಡು ಕಣ್ಣು ಅಡ್ಡ ಬಂದವು. ಬೆಳಿಗ್ಗೆಯಷ್ಟೇ ಮೂರು ವರ್ಷದ್ದನ್ನು ಇಳಿಸಿ ಬಂದವನು ಮಧ್ಯಾಹ್ನಕ್ಕೆ ಹೊಸದನ್ನು ಹೊರುವುದು! ಥೂ ಎಂದುಕೊಂಡು ಫೋನ್ ತೆಗೆದ. ಹೇಳಿಬಿಡುವುದು. ಅವಳು ಅಳಲಿ, ಬೈಯಲಿ. ಅತ್ತ ಫೋನ್ ಎತ್ತಿಕೊಂಡದ್ದು ಶಿಬಿರದ ಆಯಾ.

"ಸಿಸ್ಟರ್ ಒಳಗಿದ್ದಾರೆ. ಯಾರು ಮಾತಾಡೋದು? ಓ, ಸ್ಟೂಲ್ ಸಾರಾ! ಚೆನ್ನಾಗಿದ್ದೀರಾ ಸಾರ್?"

"ಒಂದು ನಿಮಿಷ ಕರೀತೀರಾ? ಬಹಳ ಅರ್ಜೆಂಟು."

"ಈಗ ಆಗೋದೇ ಇಲ್ಲ ಸಾರ್, ಪೊರೆ ನಡೀತಿದೆ."

"ಏನು ನಡೀತಿದೆ?"

"ಪೊರೆ ಸಾರ್, ಪೊರೆ! ಇವತ್ತು ನಲವತ್ತು ಪೊರೆ ಇದೆ. ಇಪ್ಪತ್ತಾರು ತೆಗೆದಾಯ್ತು, ಇನ್ನು ಹದಿನಾಲ್ಕು. ಸಿಸ್ಟರ್ ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿದಿಲ್ಲ. ಏನಾದ್ರೂ ಹೇಳ್ಬೇಕಾ?"

ಫೋನ್ ಕಿವಿಯಲ್ಲೇ ಇತ್ತು. ಪೊರೆ. ಕಣ್ಣಿನ ಪೊರೆ. ಹೋದ ವರ್ಷ ಇದೇ ಅಮ್ಮನ ಎರಡೂ ಕಣ್ಣಿನಿಂದ ಇದೇ ಹೆಂಡತಿ ನಿಂತು ತೆಗೆಸಿದ್ದು. ಹಾವು ಬಿಡುವ ಪೊರೆ. ಜೇಡವೂ ಬಿಡುವ ಪೊರೆ. "ನೀರು", "ಮುಚ್ಚಳ", "ಚಿಕ್ಕದು ಒಂದು" ಎಂದು ಬರೆದವಳು ಇದ್ದಕ್ಕಿದ್ದಂತೆ ಹಳೆಯ ಪದ್ಯದ ಆಜ್ಞಾರ್ಥಕ್ಕೆ ಏಕೆ ಹಾರುತ್ತಾಳೆ? ಹತ್ತನೇ ತರಗತಿಯ ಹುಡುಗನೂ ಹಿಡಿಯಬಹುದಾದ ತಪ್ಪು. ದೊಡ್ಡಮ್ಮ ಪೊರೆ ಬಿಡುವ ಹೊತ್ತಾಗಿದೆ, ಏನೂ ಹಾಕಬೇಡಿ, ಮುಟ್ಟಬೇಡಿ ಎಂಬುದನ್ನು ಅವಳು ಎರಡಕ್ಷರದಲ್ಲಿ ಉಳಿತಾಯ ಮಾಡಿದ್ದಳು, ಅಷ್ಟು ಸಾಕು ಇವರಿಗೆ ಎಂಬ ಭರವಸೆಯಲ್ಲಿ. ಏಕೆಂದರೆ ಎಲ್ಲವನ್ನೂ ಅವನಿಗೆ ಹೇಳಿದ್ದಳು. ಊಟಕ್ಕೆ ಕೂತಾಗ, ಬಟ್ಟೆ ಮಡಿಸುವಾಗ, ಎಷ್ಟೋ ಸಲ. ಅವನು ತಲೆದೂಗುತ್ತ ಕೇಳಿದ್ದ, ಅಮ್ಮನ ಪದ್ಯ ಕೇಳಿದ ಹಾಗೆಯೇ, ದನಿಯ ಏರಿಳಿತ ಮಾತ್ರ ಕಿವಿಗೆ ತುಂಬಿಕೊಳ್ಳುತ್ತ. ಪದ್ಯವನ್ನು ಹಾಗೆ ಕೇಳಬಹುದು. ಈಗ ಆ ದನಿಯ ಹಿಂದಿನಿಂದ ಮಾತುಗಳೇ ಒಂದೊಂದಾಗಿ ಎದ್ದು ಬಂದವು. ಸಾಯುವ ಜೇಡ ಅಂಗಾತ ಬೀಳಲ್ಲ ರೀ, ಕಾಲು ಒಳಗೆ ಮಡಚಿಕೊಂಡು ಬೋರಲಾಗೇ ಸಾಯುತ್ತೆ. ಅಂಗಾತ ಬಿತ್ತು ಅಂದ್ರೆ ಪೊರೆ ಬಿಡ್ತಿದೆ ಅಂತ. ಅವನು ಎದ್ದು ನಿಂತ. ಬದುಕಿದ್ದಾಳೆ! ಕುಣಿಯಬೇಕೆನ್ನಿಸಿತು. ಕುಣಿಯುವಷ್ಟರಲ್ಲಿ ಅದರ ಮುಂದಿನ ಸಾಲೂ ಬಂತು: ಆಗ ಒಂದು ಜೀರುಂಡೆಯೂ ಒಳಗಿರಬಾರದು, ಮೈ ಬೆಣ್ಣೆ ಥರ ಆಗಿರುತ್ತೆ, ಅದು ಕಡಿದ್ರೂ ಇದಕ್ಕೆ ತಡೆಯೋ ಶಕ್ತಿ ಇರಲ್ಲ.

"ಅಮ್ಮಾ! ಟಾರ್ಚ್ ತಗೊಂಡು ಬಾ. ಬೇಗ!"

ಅಮ್ಮ ಟಾರ್ಚ್ ಹಿಡಿದು ಬಂದವಳು ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಮಗನ ಮುಖ ನೋಡಿದಳು. ದಾಟಿ ಒಳಗೆ ಬಂದಳು.

"ಎಲ್ಲಿಗೆ ಬಿಡ್ಲಿ ಬೆಳಕು?"

"ಅವಳ ಮೇಲೆ ಬೇಡ. ಪಕ್ಕಕ್ಕೆ. ಪೆಟ್ಟಿಗೆ ಅಲ್ಲಾಡಿಸ್ಬೇಡ."

"ನಾನೆಲ್ಲಿ ಅಲ್ಲಾಡಿಸ್ತೀನಿ, ನಿನ್ನ ಕೈಯೇ ಮದ್ದಳೆ ಬಾರಿಸ್ತಿದೆ."

ಅವನು ಮುಚ್ಚಳವನ್ನು ಪೂರ್ತಿ ತೆಗೆದ. ಹನ್ನೊಂದು ವರ್ಷದಲ್ಲಿ ಅವನು ಪೂರ್ತಿ ತೆಗೆದ ಮೊದಲ ಮುಚ್ಚಳ ಅದು. ಮೊದಲನೆಯದು, ದಷ್ಟಪುಷ್ಟಗಳಲ್ಲೊಂದು, ಗಾಜಿನ ಮೂಲೆಯಲ್ಲಿದ್ದದ್ದು ಚಿಮಟಕ್ಕೆ ಸಲೀಸಾಗಿ ಸಿಕ್ಕಿತು. ಎರಡನೆಯದು ನೀರಿನ ಬಟ್ಟಲಿನ ಅಂಚಿನಲ್ಲಿ. ಮೂರನೆಯದು ಕುಂಡದ ಚಿಪ್ಪಿನೊಳಗೆ ಸೇರಿಕೊಂಡು ಸತಾಯಿಸಿ, ಕೊನೆಗೆ ತಾನೇ ಹೊರಗೆ ಬಂತು. ನಾಲ್ಕನೆಯದು ಚಿಮಟದಿಂದ ಜಾರಿ ಅವನ ಅಂಗಿಯ ಕಾಲರಿಗೆ ಹಾರಿದಾಗ ಅವನು ಕೂಗಲಿಲ್ಲ. ಕೂಗದೇ ಇದ್ದದ್ದಕ್ಕೆ ಅವನಿಗೇ ಬೆರಗಾಯಿತು. ಅಮ್ಮ ಒಂದು ಕೈಯಲ್ಲಿ ಟಾರ್ಚ್ ಅಲ್ಲಾಡದಂತೆ ಹಿಡಿದು ಇನ್ನೊಂದು ಕೈಯ ಟವೆಲಿನಲ್ಲಿ ಅದನ್ನು ಸುತ್ತಿ ಹಿಡಿದು, "ನಡಿ ನಿನ್ನ ಮನೆಗೆ" ಎಂದು ಡಬ್ಬಕ್ಕೆ ಹಾಕಿದಳು.

"ಎಷ್ಟು ಉಳಿದ್ವು?"

"ಒಂದು."

ಆ ಒಂದು ಇದ್ದದ್ದು ದೊಡ್ಡಮ್ಮನ ನೂಲಿನ ಹಾಸಿನ ಮೇಲೆಯೇ. ಹಿಂಗಾಲೊಂದರ ತುದಿಗೆ ಬಾಯಿಟ್ಟು ನಿಂತಿತ್ತು. ಅದರ ದವಡೆ ಆಡುತ್ತಿರುವುದು ಟಾರ್ಚಿನ ಬೆಳಕಿನಲ್ಲಿ ಕಂಡಿತು. ಚಿಮಟ ಉದ್ದ, ಕೈ ನಡುಕ. ಒಂದು ಕೂದಲೆಳೆ ತಪ್ಪಿದರೆ ಬೆಣ್ಣೆಯಂಥ ಆ ಮೈಗೆ ತಗಲುತ್ತದೆ. ಅವನು ಚಿಮಟ ಕೆಳಗಿಟ್ಟ. ಮೊಳೆಗಳ ಕಾಲದಲ್ಲಿ ಸಾಲಿನಿಂದ ಕಳಚಿ ಬಿದ್ದ ಒತ್ತಕ್ಷರವನ್ನು ಉಗುರಿನ ತುದಿಯಿಂದ ಎತ್ತುವ ಹಳೆಯ ಅಭ್ಯಾಸವಿದ್ದ ಬೆರಳುಗಳು ಅವು. ಆ ಎರಡು ಬೆರಳುಗಳನ್ನೇ ಒಳಗೆ ಇಳಿಸಿದ. ಅಮ್ಮ ತುಟಿಯಲ್ಲೇ ಪದ್ಯ ಹೇಳಿಕೊಳ್ಳತೊಡಗಿದಳು. ಹಗಲಿನಲ್ಲಿ ಅವಳು ಹೇಳುವುದಿಲ್ಲ, ಇವತ್ತು ಹೇಳಿದಳು. ಆ ಪದ ಬಂದಲ್ಲಿ ದನಿ ಒಂದು ಮೆಟ್ಟಿಲು ಇಳಿಯಿತು. ದೊಡ್ಡಮ್ಮನ ಎಂಟು ಕಾಲುಗಳ ನಡುವೆ, ಬಾಗಿಲಿಲ್ಲದ ಮನೆಗೆ ಹೊಕ್ಕವನಂತೆ, ಅವನ ಕೈ ಹೋಯಿತು. ಮುಂಗೈಗೆ ಅವಳ ಕಾಲಿನ ಕೂದಲು ತಾಗಿತು, ರೇಷ್ಮೆಯ ದಾರಕ್ಕಿಂತ ಮೆತ್ತಗೆ. ಜೀರುಂಡೆಯನ್ನು ಬೆನ್ನಿನಿಂದ ಹಿಡಿದು ಮೇಲೆತ್ತಿದ.

"ಬಂತಾ?"

"ಬಂತು."

"ಅಯ್ಯಪ್ಪಾ" ಎಂದು ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ಅವನೂ ಕೂತ. ಅವರಿಬ್ಬರೂ ಹಾಗೆ ಪಕ್ಕ ಪಕ್ಕ ನೆಲದ ಮೇಲೆ ಕೂತು ಎಷ್ಟು ವರ್ಷವಾಗಿತ್ತೋ. ಪೆಟ್ಟಿಗೆ ಸರಿಯಾಗಿ ಕಣ್ಣಿನ ಎತ್ತರಕ್ಕಿತ್ತು. ನೋಡುತ್ತಿದ್ದ ಹಾಗೆಯೇ ದೊಡ್ಡಮ್ಮನ ಮೈಯ ಪಕ್ಕದಲ್ಲಿ ಒಂದು ಸೀಳು ಅಗಲವಾಯಿತು, ಡಬ್ಬಿಯ ಮುಚ್ಚಳದ ಹಾಗೆ ಬೆನ್ನಿನ ಚಿಪ್ಪು ಬಿಟ್ಟುಕೊಂಡಿತು, ಒಳಗಿನಿಂದ ಇನ್ನೊಬ್ಬ ದೊಡ್ಡಮ್ಮ, ಒದ್ದೆಯ, ಹೊಸ ಬಣ್ಣದ, ಉಸಿರೆಳೆಯುವ ಹಾಗೆ ಒಂದು ಸಲ ಉಬ್ಬಿ ಒಂದು ಸಲ ತಗ್ಗಿ, ಕಾಲುಗಳನ್ನು ಒಂದೊಂದಾಗಿ ಹಳೆಯ ಕಾಲುಗಳೊಳಗಿಂದ ಎಳೆದುಕೊಳ್ಳತೊಡಗಿದಳು. ಮಳೆಯಲ್ಲಿ ತೊಯ್ದು ಬಂದವರು ಕಾಲುಚೀಲ ಬಿಚ್ಚುವ ಹಾಗೆ, ಅದೂ ನಾಲ್ಕು ಜೊತೆ. ಅವನು ಮುದ್ರಣಾಲಯಕ್ಕೆ ಫೋನ್ ಮಾಡಿದ.

"ಅಕ್ಕಾ, ಬರೋದು ತಡ ಆಗುತ್ತೆ. ಮನೇಲಿ ಒಬ್ಬರು ಬಟ್ಟೆ ಬದಲಾಯಿಸ್ತಿದ್ದಾರೆ."

"ಅದಕ್ಕೆ ನೀನ್ಯಾಕೋ ನಿಂತು ನೋಡ್ತಿದ್ದೀಯ?" ಎಂದು ನಗುತ್ತ ಮೊಳೆಯಕ್ಕ ಫೋನಿಟ್ಟಳು.

ಅಮ್ಮ ಕಣ್ಣು ಕೀಳದೆ ನೋಡುತ್ತಿದ್ದಳು. "ನನ್ನ ಕಣ್ಣಿಂದು ತೆಗೆದಾಗ ನನಗೆ ಕಾಣ್ಲೇ ಇಲ್ಲ ನೋಡು," ಎಂದಳು. "ಕಾಣೋ ಹಾಗೆ ಮಾಡೋರು ಅದನ್ನೊಂದು ತೋರಿಸ್ಬಾರ್ದಿತ್ತಾ." ಆಮೇಲೆ, "ಅಷ್ಟು ವರ್ಷ ಅವಳನ್ನ ಕಾಯ್ಕೊಂಡು ಬಂತು, ಪಾಪ. ಈಗ ನೋಡು, ಒಣಗಿದ ಸಿಪ್ಪೆ ಥರ ಬಿದ್ದಿದೆ" ಎಂದಳು. ಅವನು ಅಮ್ಮನ ಕಡೆ ತಿರುಗಿ ನೋಡಿದ. ಅವನ ನಿಘಂಟಿನಲ್ಲಿ ಎರಡು ಬೇರೆ ಬೇರೆ ಸಾಲಿನಲ್ಲಿ, ನಡುವೆ ಒಂದು ಗೆರೆ ಎಳೆದು, ಸಂಬಂಧವಿಲ್ಲದವೆಂದು ಅಚ್ಚಾದ ಅರ್ಥಗಳು ಅವು, ಕಾಯುವುದೂ ಸಿಪ್ಪೆಯೂ. ಅಮ್ಮನಿಗೆ ಗೆರೆ ಕಂಡಂತಿರಲಿಲ್ಲ.

ಸಂಜೆ ಹೆಂಡತಿ ಬಂದಾಗ ಅವನು ಗೇಟಿನಲ್ಲೇ ನಿಂತಿದ್ದ. ಅವಳು ಚಪ್ಪಲಿ ಬಿಡುವ ಮುಂಚೆಯೇ, ಚೀಲ ಕೈಯಿಂದ ಇಳಿಸುವ ಮುಂಚೆಯೇ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ, ಮೂರು ಜೀರುಂಡೆ, ಆಮೇಲೆ ಎರಡು, ಇನ್ನೊಂದು ಜೇಡ ತಂದಿಟ್ಟುಬಿಡಲೇ ಎಂದು ಯೋಚಿಸಿದ್ದೂ ಸೇರಿ. ಅವಳು ನೇರ ಕೋಣೆಗೆ ನಡೆದಳು. ಬಗ್ಗಿ ನೋಡಿದಳು. ಕಾಲುಗಳನ್ನು ಎಣಿಸುವಾಗ ಅವಳ ತುಟಿ ಅಲುಗಿತು. ಹೊಸ ದೊಡ್ಡಮ್ಮ ಈಗ ಬೋರಲಾಗಿ, ಕೈಕಾಲು ಚಾಚಿ, ಸ್ನಾನ ಮುಗಿಸಿದವಳಂತೆ ಸುಮ್ಮನೆ ಒರಗಿದ್ದಳು. ಕೋರೆಹಲ್ಲುಗಳು ಇನ್ನೂ ಹಾಲಿನ ಬಿಳುಪು. ಹಿಂದಿನ ಎಡಗಾಲಿನ ತುದಿ ಒಂದು ಅಕ್ಕಿಕಾಳಿನಷ್ಟು ಇರಲಿಲ್ಲ.

"ಅದು ನಾನು," ಎಂದ ಅವನು ಹಿಂದಿನಿಂದ. "ಕೊನೆಯದನ್ನ ಹಿಡಿಯೋಕೆ ತಡ ಮಾಡ್ದೆ."

"ಹೂಂ." ಅವಳು ಇನ್ನೂ ಬಗ್ಗಿಯೇ ಇದ್ದಳು. "ಮುಂದಿನ ಪೊರೆಗೆ ಬೆಳೆದುಕೊಳ್ಳುತ್ತೆ. ಪೂರ್ತಿ ಅಲ್ಲದಿದ್ರೂ ಎರಡು ಪೊರೆಗೆ ಸರಿಯಾಗುತ್ತೆ." ನಂತರ ಅವನ ಕಡೆ ತಿರುಗಿದಳು. ಕಣ್ಣ ಕೆಳಗೆ ಎರಡು ದಿನದ ಆಯಾಸವಿತ್ತು. "ಒಂದು ಕೇಳ್ತೀನಿ. ಪೊರೆ ಅಂತ ಬರೆದಿದ್ದನ್ನ ನೀವು ಏನಂತ ಓದಿದ್ರಿ?"

ಅವನು ಹೇಳಿದ. ಉದ್ಗಾರ ಚಿಹ್ನೆಯನ್ನೂ ಬಿಡಲಿಲ್ಲ.

ಅವಳ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಮೂಗಿನ ಹೊಳ್ಳೆ ಅದುರಿತು. ಬಾಯಿಗೆ ಕೈ ಅಡ್ಡ ಹಿಡಿದಳು, ಜೇಡಕ್ಕೆ ಸದ್ದಾಗಬಾರದೆಂದು ಹೊರಗೆ ಓಡಿದಳು, ಹೊಸ್ತಿಲಾಚೆ ಕೂತು ಭುಜ ಕುಣಿಸುತ್ತ ನಕ್ಕಳು. "ಅತ್ತೇ, ಕೇಳಿಸ್ಕೊಂಡ್ರಾ? ನಿಮ್ಮ ಮಗ ಇವರು! ನಾನು, ನಾನು ಬರೀತೀನಂತೆ, ನಿಮ್ಮ ಪದ್ಯದ ಪೊರೆ!" ಅಡುಗೆಮನೆಯಿಂದ ಅಮ್ಮ, "ಬರೀಬಹುದಿತ್ತು, ಏನು ತಪ್ಪು?" ಎಂದಳು. ಅದಕ್ಕೆ ಇನ್ನಷ್ಟು ನಗು. ಅವನು ಸ್ಟೂಲಿನ ದಿನ ನಿಂತ ಹಾಗೆಯೇ ನಿಂತಿದ್ದ, ಆದರೆ ಈ ಸಲ ನೆಲದ ಮೇಲಿದ್ದ, ಮತ್ತು ಅವಮಾನದ ಒಳಗೆ ಎಲ್ಲೋ ಒಂದು ಕಡೆ ತನಗೂ ನಗು ಹುಟ್ಟುತ್ತಿದೆಯೆಂದು ಗೊತ್ತಾಗುತ್ತಿತ್ತು. ನಗು ಇಳಿದ ಮೇಲೆ ಅವಳು ಕಣ್ಣೊರೆಸಿಕೊಂಡು ಅವನ ಬಲಗೈ ಎಳೆದು ನೋಡಿದಳು. ಮುಂಗೈಯಲ್ಲಿ ಸಣ್ಣ ಕೆಂಪು ಗುಳ್ಳೆಗಳೆದ್ದಿದ್ದವು. ಜೇಡದ ಕೂದಲು ತಗುಲಿದ್ದಕ್ಕೆ ಬರುವ ತುರಿಕೆ.

"ಕೈ ಹಾಕಿದ್ರಾ? ಬರೀ ಕೈ?"

"ಚಿಮಟ ನಡುಗ್ತಿತ್ತು."

ಅವಳು ಮುಲಾಮು ತಂದು ಹಚ್ಚತೊಡಗಿದಳು, ರೋಗಿಗಳಿಗೆ ಹಚ್ಚುವ ಹಾಗೆ, ವೇಗವಾಗಿ, ಅಚ್ಚುಕಟ್ಟಾಗಿ. ಹಚ್ಚುತ್ತ, "ಮುಂದಿನ ತಿಂಗಳು ಇನ್ನೊಂದು ಶಿಬಿರ ಇದೆ ರೀ. ಈ ಸಲ ನಾಲ್ಕು ದಿನ" ಎಂದಳು.

ನಾಲ್ಕು ದಿನ. ಒಂಬತ್ತು ಪೆಟ್ಟಿಗೆ, ಒಂಬತ್ತು ಚೀಟಿ, ಒಂದೊಂದರಲ್ಲೂ ಒಂದೊಂದು ಪದ. ಅಕ್ಕಿಕಾಳಿನಷ್ಟು ಇಲ್ಲದ ಕಾಲಿನ ತುದಿ ಅವನ ಕಣ್ಣಿಗೆ ಕಟ್ಟಿತು.

"ನಿನ್ನ ಆ ಗೆಳತಿಗೇ ಹೇಳು," ಎಂದ. "ಮೊದಲು ಬರ್ತಿದ್ರಲ್ಲ, ಅವರಿಗೆ. ಅವರಿಗೆ ಗೊತ್ತಾಗುತ್ತೆ. ನನ್ನ ಕೈಗೆ ಬೇಡ. ತಮಾಷೆಗೆ ಹೇಳ್ತಿಲ್ಲ, ನಿಜವಾಗ್ಲೂ ಕೇಳ್ಕೊಳ್ತಿದ್ದೀನಿ. ಇದೊಂದು ಮಾಡು."

ಅವಳು ಅವನ ಕೈ ಬಿಡಲಿಲ್ಲ. ಮುಲಾಮಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸಿ ಮುಚ್ಚಿದಳು.

"ಆಗಲ್ಲ ರೀ," ಎಂದಳು. "ಅವಳಿಗೆ ಹೇಳಲ್ಲ. ನೀವೇ ನೋಡ್ಕೊಳ್ತೀರಿ."